ಎಣ್ಣೆಗೆಂಪು, ಎದುರು ಮಾತಾಡೋಳಲ್ಲ

ನಮ್ಮ ಚಿಕ್ಕಪ್ಪ ನನ್ನನ್ನು ಇಂಟರ್ನೆಟ್ಟಿಗೆ ಹಾಕಿದ್ದಾನೆ ಅನ್ನೋ ಸುದ್ದಿ ನನಗೆ ಮುಟ್ಟಿದ್ದು ಎದುರು ಮನೆ ಮುಸ್ಲಿಂ ಚಿಕ್ಕಮ್ಮನ ಬಾಯಿಂದ, ನಮಗೆಲ್ಲ ಅವರು ಖಾಲಾ. ಸ್ಕೂಲಿಂದ ಬಂದು ಚಪ್ಪಲಿ ಬಿಡ್ತಾ ಇದ್ದೆ. ಬೀದಿಯ ಆ ಕಡೆಯಿಂದಲೇ ಕೂಗಿದರು: "ಬೇಟೀ, ಸಾಲಿಗ್ರಾಮದಿಂದ ಒಂದು ಗಂಡು ಫೋನ್ ಮಾಡಿದ್ದ ಕಣಮ್ಮ. ನಿಮ್ಮ ಚಿಕ್ಕಪ್ಪ ಇಂಟರ್ನೆಟ್ಟಲ್ಲಿ ಹಾಕಿರೋ ನಿನ್ನ ಫೋಟೋ ನೋಡಿದ್ನಂತೆ. ದನಿ ಸರಿಯಿಲ್ಲ, ಬ್ಯಾಡ ಅಂದ್ಬುಟ್ಟೆ."

ಆಗ ನಾವಿದ್ದದ್ದು ಪಿರಿಯಾಪಟ್ಟಣದಲ್ಲಿ. ನಾನು ಬಿ.ಎಡ್. ಮುಗಿಸಿ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡ್ತಿದ್ದೆ. ಅಪ್ಪ ಊರಾಚೆ ಹೊಲದಲ್ಲಿ ಹೊಗೆಸೊಪ್ಪು ಬೆಳೆಯೋನು. ಉಳ್ಳವರ ಜೇಬಿಗೆ ಮೊಬೈಲು ಆಗತಾನೆ ಬರ್ತಿದ್ದ ಕಾಲ, ನಮ್ಮ ಮನೆಗೆ ಲ್ಯಾಂಡ್‌ಲೈನ್ ಫೋನೂ ಇರಲಿಲ್ಲ. ಯಾರು ನಂಬರ್ ಕೇಳಿದರೂ ಎದುರು ಮನೆಯದನ್ನು ಪಿ.ಪಿ. ನಂಬರ್ ಅಂತ ಬರೆದುಕೊಡೋದು, ಫೋನ್ ಬಂದಾಗ ಅವರು ಕೂಗೋದು, ನಾವು ಓಡೋದು. ಅರ್ಧ ಬೀದಿಗೆ ಅದೇ ನಂಬರು. ಖಾಲಾ ಮನೆಯವರು ಮಂಚ, ಬೀರು ಮಾಡೋ ಮರಗೆಲಸದವರು. ಫೋನ್ ಇದ್ದದ್ದು ನಡುಮನೆಯಲ್ಲಿ. ಯಾರು ಏನೇ ಮಾತಾಡಲಿ, ಖಾಲಾ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಬಿಡಿಸ್ತಾ ಪೂರ್ತಿ ಕೇಳಿಸಿಕೊಳ್ಳೋರು. ಅದು ತಪ್ಪು ಅಂತ ಅವರಿಗೂ ಅನ್ನಿಸಿರಲಿಲ್ಲ, ನಮಗೂ ಅನ್ನಿಸಿರಲಿಲ್ಲ.

ಚಿಕ್ಕಪ್ಪನನ್ನು ಕೇಳಿದೆ. ಎದೆಯುಬ್ಬಿಸಿ ಹೇಳಿದ, "ಹುಣಸೂರಿನ ಸೈಬರ್ ಸೆಂಟರಿಗೆ ಹೋಗಿ ಮದುವೆ ವೆಬ್‌ಸೈಟಿಗೆ ನಿನ್ನ ಹಾಕ್ಬುಟ್ಟಿವ್ನಿ ಕಣವ್ವ. ಇನ್ನೇನು, ಪ್ರಪಂಚಕ್ಕೆಲ್ಲ ಗೊತ್ತಾಯ್ತು ಬುಡು!"

ಪ್ರಪಂಚದ್ದು ಗೊತ್ತಿಲ್ಲ, ಪಿರಿಯಾಪಟ್ಟಣಕ್ಕಂತೂ ಚೆನ್ನಾಗಿ ಗೊತ್ತಾಯ್ತು. ಎಚ್.ಡಿ. ಕೋಟೆಯಿಂದ ಫೋನು, ಕೆ.ಆರ್. ನಗರದಿಂದ ಫೋನು, ಕೇರಳದ ಗಡಿಯಿಂದ ಮಲಯಾಳ ಬೆರೆಸಿ ಮಾತಾಡೋ ಒಬ್ಬನ ಫೋನು. ನಮ್ಮನ್ನು ಕೂಗೋಕೆ ಮುಂಚೆ ಖಾಲಾ ತಾವೇ ವಿಚಾರಣೆ ಮುಗಿಸೋರು. ಬೀಡಿ ಸೇದ್ತೀಯಾ, ನಿಮ್ಮಮ್ಮನಿಗೆ ಸಿಟ್ಟು ಜಾಸ್ತಿಯಾ, ಮನೆಯಲ್ಲಿ ನೀರು ಬರುತ್ತಾ. ಪಾಸಾದವರು ಮಾತ್ರ ಅಪ್ಪನ ತನಕ ಬರ್ತಿದ್ದರು. ಸಾಯಂಕಾಲಕ್ಕೆ ಆ ದಿನದ ಗಂಡುಗಳ ವರದಿ ಬೀದಿ ಸುತ್ತಿರೋದು. ಸೊಪ್ಪು ಮಾರೋ ಅಜ್ಜಿ ಕೂಡ ಕೇಳಿದಳು, "ಆ ಕೋಟೆ ಗಂಡು ಯಾಕವ್ವ ಬ್ಯಾಡ? ನೌಕ್ರಿ ಐತಂತಲ್ಲ!"

ನನಗೆ ನಗುವೂ ಬರೋದು, ಮೈಯೂ ಉರಿಯೋದು. ಆದರೆ ನಿಜವಾಗಿ ಉರಿದದ್ದು ಶನಿವಾರ ಹುಣಸೂರಿಗೆ ಹೋಗಿ ಅದನ್ನು ಕಣ್ಣಾರೆ ನೋಡಿದಾಗ. ಸೈಬರ್ ಸೆಂಟರಿನವನು ಪೇಜ್ ತೆಗೆದು ಪಾಸ್‌ವರ್ಡ್ ಕೇಳಿದ. ಚಿಕ್ಕಪ್ಪ ನನಗೆ ಹೇಳಿರಲಿಲ್ಲ. ಅವನು ಹೇಳೋದೇನು ಬಂತು? ನಮ್ಮ ಕಡೆ ಲಾರಿಗೂ ಅಂಗಡಿಗೂ ಮೊದಲ ಮಗನಿಗೂ ಇಡೋದು ಒಂದೇ ಹೆಸರು. ಮನೆದೇವರ ಹೆಸರು ಒತ್ತಿದೆ, ಬಾಗಿಲು ತೆಗೀತು. ಸೆಂಟರಿನವನು ನಕ್ಕ: "ಇಲ್ಲಿ ಬರೋರೆಲ್ಲ ಅದನ್ನೇ ಇಕ್ಕೋದು ಮೇಡಂ. ಯಾರ ಮನೆದೇವ್ರು ಯಾವ್ದು ಅಂತ ಗೊತ್ತಿದ್ರೆ ಸಾಕು."

ಪರದೆಯ ಮೇಲೆ ಅಕ್ಕನ ಮದುವೆಯಲ್ಲಿ ತೆಗೆದ ಫೋಟೋ, ಬಾಯಲ್ಲಿ ಅರ್ಧ ಹೋಳಿಗೆ ಇರೋದು. ಮೈಬಣ್ಣದ ಜಾಗದಲ್ಲಿ ಎಣ್ಣೆಗೆಂಪು ಅಂತ. ನಾನು ಕಪ್ಪು, ಕಪ್ಪೆಂದರೆ ಒಳ್ಳೇ ಕಪ್ಪು. ಹೋಗಲಿ ಅಂದುಕೊಂಡೆ. ಅದರ ಕೆಳಗೆ 'ನನ್ನ ಬಗ್ಗೆ' ಅಂತ ಒಂದು ಜಾಗ. ಅಲ್ಲಿ ನಾನೇ ಹೇಳಿದ ಹಾಗೆ ಬರೆದಿದ್ದ: ನಾನು ಹಸು ಕರೆಯುತ್ತೇನೆ, ಅಡುಗೆ ಬಲ್ಲೆ, ಮದುವೆ ಆದಮೇಲೆ ಕೆಲಸ ಬಿಡುತ್ತೇನೆ, ಎದುರು ಮಾತಾಡೋಳಲ್ಲ.

ಎಲಾ ಇವನಾ! ಯಾವ ಜನ್ಮದಲ್ಲಿ ಹೇಳಿದ್ದೆ ನಾನು ಇದನ್ನ? ನನ್ನ ಫೋಟೋ ಹಾಕಿದ, ಸರಿ. ನನ್ನ ಬಾಯನ್ನೂ ಕಿತ್ತುಕೊಂಡು ಅದರಲ್ಲಿ ತಾನು ಮಾತಾಡಿದ್ದ. ಇದನ್ನು ನಂಬಿಕೊಂಡು ಯಾರೋ ಒಬ್ಬ ತಾಳಿ ಕಟ್ಟಿದರೆ, ಜೀವಮಾನವೆಲ್ಲಾ ಆ ಮಾತು ಉಳಿಸಿಕೊಳ್ಳಬೇಕಾದವಳು ನಾನು. ಬಿ.ಎಡ್. ಓದಿದ್ದು, ಬೆಳಿಗ್ಗೆ ಎದ್ದು ಮಕ್ಕಳ ಮುಂದೆ ನಿಲ್ಲೋ ಸುಖ, ಎಲ್ಲಾ ಹೋಯಿತು ಅಂತಲೇ ಲೆಕ್ಕ.

ಫೋಟೋ ಅಳಿಸಿದೆ. ಅವನ ಸಾಲುಗಳನ್ನೂ ಅಳಿಸಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿದೆ: ನಾನು ಕಪ್ಪು. ಮೇಷ್ಟ್ರು ಕೆಲಸ ಬಿಡೋದಿಲ್ಲ. ಹಸು ಕಂಡರೆ ಭಯ. ಎದುರು ಮಾತಾಡುತ್ತೇನೆ, ನೀವೂ ಆಡಬಹುದು. ಫೋನ್ ನಮ್ಮದಲ್ಲ, ಊಟದ ಹೊತ್ತಲ್ಲಿ ಮಾಡಬೇಡಿ.

ಬಸ್ಸಿನಲ್ಲಿ ಒಬ್ಬಳೇ ನಗ್ತಾ ಬಂದೆ. ಅವತ್ತಿನಷ್ಟು ಹಗುರ ನಾನು ಪರೀಕ್ಷೆ ಮುಗಿದಾಗಲೂ ಆಗಿರಲಿಲ್ಲ.

ಫೋನುಗಳು ನಿಂತವು. ಖಾಲಾಗೆ ದಿನ ಹೋಗದೆ ಹೋಯ್ತು. ರಿಸೀವರ್ ಎತ್ತಿ ಎತ್ತಿ ಕಿವಿಗಿಟ್ಟು ನೋಡೋರು. ಚಿಕ್ಕಪ್ಪನಿಗೆ ಅನುಮಾನ ಬಂದು ಹುಣಸೂರಿಗೆ ಹೋದ, ಓದಿದ, ಅದೇ ಬಸ್ಸಿಗೆ ವಾಪಸ್ ಬಂದ. ಅಪ್ಪ ಜಗಲಿ ಮೇಲೆ ಕೂತು ಕಾಫಿ ಕುಡೀತಿದ್ದ.

"ಅಣ್ಣಯ್ಯ, ಮಾನ ಕಳೆದ್ಲು ಕಣಣ್ಣ ನಿನ್ನ ಮಗಳು! ಏನು ಬರ್ದವ್ಳೆ ಗೊತ್ತಾ?"

ನಾನು ಬಾಗಿಲ ಹಿಂದೆ ನಿಂತಿದ್ದೆ. ಅಪ್ಪನದು ಮಾತು ಕಡಿಮೆ. ಅಂಥವನು 'ಅದನ್ನ ಮೊದಲಿದ್ದ ಹಾಗೇ ಮಾಡ್ಸು' ಅಂದಿದ್ದರೆ ಅಲ್ಲಿಗೆ ಮುಗೀತು, ಅವನ ಮಾತಿನ ಮೇಲೆ ನಮ್ಮ ಮನೆಯಲ್ಲಿ ಇನ್ನೊಂದು ಮಾತಿಲ್ಲ.

"ಏನು ಬರ್ದವ್ಳೆ?"

"ಕಪ್ಪು ಅಂತ ಬರ್ಕೊಂಡವ್ಳೆ!"

"ಕಪ್ಪು ತಾನೆ?"

"ಹಸು ಕಂಡ್ರೆ ಭಯ ಅಂತೆ!"

"ಊಂ. ಕೊಟ್ಟಿಗೆ ಕಡೆಗೇ ಬರಾಕಿಲ್ಲ."

"ಎದುರು ಮಾತಾಡ್ತೀನಿ ಅಂತ ಊರಿಗೆಲ್ಲ ಸಾರವ್ಳೆ ಅಣ್ಣ!"

"ಆಡಾಕಿಲ್ವೇನ್ಲಾ?"

ಒಳಗೆ ಅಮ್ಮ ಕಿಸಕ್ಕನೆ ನಕ್ಕಳು. ಚಿಕ್ಕಪ್ಪನ ಮುಖ ಕೆಂಪಾಯ್ತು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೇನೇ ಐತೆ!"

ಅಪ್ಪ ಲೋಟ ಕೆಳಗಿಟ್ಟ. "ಹೇಳು ಕಣ್ಲಾ, ಬ್ಯಾಡ ಅಂದವ್ರ್ಯಾರು? ಸುಳ್ಳು ಹೇಳಂಗಿದ್ರೆ ನಿನ್ನ ಬಾಯಲ್ಲಿ ಹೇಳು. ನನ್ನ ಮಗಳ ಬಾಯಲ್ಲಿ ಯಾಕ್ಲಾ ಹೇಳ್ಸಿದೆ?"

ಬಾಗಿಲ ಹಿಂದೆ ನನ್ನ ಕಣ್ಣು ತುಂಬಿಬಂತು. ನನಗೆ ಆಗಿದ್ದ ನೋವು ಅದೇ, ನನಗೇ ಹೀಗೆ ಹೇಳೋಕೆ ಬಂದಿರಲಿಲ್ಲ. ಇಂಟರ್ನೆಟ್ಟನ್ನು ಒಂದು ದಿನವೂ ನೋಡದ ನಮ್ಮಪ್ಪನಿಗೆ ನಾನು ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

ಆಮೇಲೆ ನಾಲ್ಕಾರು ದಿನಕ್ಕೆ ಖಾಲಾ ದನಿ ಬೀದಿ ದಾಟಿ ಬಂತು: "ಅಣ್ಣಾ, ಫೋನ್! ಬಾಯಿಜೋರು ಮೇಷ್ಟ್ರು ಇದ್ದಾರಾ ಅಂತ ಕೇಳ್ತಾನೆ!" ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದ. ಎದ್ದವನು ನನ್ನ ಕಡೆ ತಿರುಗಿ ಮತ್ತೆ ಕೂತ. "ನೀನೇ ಹೋಗವ್ವ. ಕೇಳಿರಾದು ನಿನ್ನನ್ನ."

ಬರಿಗಾಲಲ್ಲಿ ಓಡಿದೆ. ಖಾಲಾ ರಿಸೀವರ್ ಕೈಗೆ ಕೊಟ್ಟು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಬೆಳ್ಳುಳ್ಳಿ ಮೊರ ಎತ್ತಿಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಆ ಮನೆಯ ಆ ಬಾಗಿಲು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಹಳ ಹೊತ್ತು ಮಾತಾಡಿದೆ. ಹೊರಗೆ ಬಂದರೆ ಅಪ್ಪ, ಅಮ್ಮ, ಚಿಕ್ಕಪ್ಪ, ಸೊಪ್ಪಿನ ಅಜ್ಜಿ, ಖಾಲಾ ಎಲ್ಲರೂ ಸಾಲಾಗಿ ನಿಂತಿದ್ದಾರೆ.

"ಏನಂದ್ನವ್ವ? ನೀನೇನಂದೆ?"

"ಹೇಳಾಕಿಲ್ಲ," ಅಂದೆ.

ಅಪ್ಪ ಬಿದ್ದು ಬಿದ್ದು ನಕ್ಕ. ಇವತ್ತಿನವರೆಗೂ ಹೇಳಿಲ್ಲ. ನಿಮಗೂ ಹೇಳೋದಿಲ್ಲ.