ಮನೆಯವರಿಗೆ ಮಾತ್ರ ಹೇಳುವ ಡಾಕ್ಟರು

ಮಹಾರಾಜರ ಕಾಲದಲ್ಲಿ ಹುಣಸೂರು ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ದಾದಿಯಾಗಿದ್ದೆ. ಅಲ್ಲಿನ ಡಾಕ್ಟರು ಬಹಳ ದಯಾವಂತರು. ಕ್ಯಾನ್ಸರ್ ಬಂದವರಿಗೆ ಅದು ಕ್ಯಾನ್ಸರ್ ಎಂದು ಒಮ್ಮೆಯೂ ಹೇಳಿದವರಲ್ಲ. ಕನ್ನಡಕವನ್ನು ಕೋಟಿನ ತುದಿಯಿಂದ ಒರೆಸುತ್ತ, “ಏನೂ ಇಲ್ಲ, ಸ್ವಲ್ಪ ಉಷ್ಣ” ಎನ್ನುವರು. ಆಮೇಲೆ ಮನೆಯ ಗಂಡಸರನ್ನು ಜಗಲಿಗೆ ಕರೆದು ನಿಜವನ್ನು ಪಿಸುಗುಟ್ಟುವರು. ರೋಗ ಹೆಂಗಸಿನದಾದರೂ ಸುದ್ದಿ ಗಂಡಸಿನ ಸೊತ್ತು.

ಒಂದು ದಿನ ಹನಗೋಡಿನ ಹೆಂಗಸೊಬ್ಬಳು ಎದೆಯ ಗಂಟು ತೋರಿಸಲು ಬಂದಳು. ಅವಳಿಗೂ ಉಷ್ಣವೇ ಆಯಿತು. ಡಾಕ್ಟರು ಅವಳ ಗಂಡನನ್ನು ಜಗಲಿಗೆ ಕರೆದೊಯ್ದರು. ಆತನಿಗೆ ಕಿವಿ ಮಂದ.

ಪಿಸುಮಾತು ಮೂರು ಸಲ ಸೋತಿತು. ನಾಲ್ಕನೆಯ ಸಲ ಡಾಕ್ಟರು ಕಿರುಚಿದರು: “ನಿನ್ನ ಹೆಂಡತಿಗೆ ಕ್ಯಾನ್ಸರ್! ಮೈಸೂರಲ್ಲಿ ಕೊಯ್ಯಿಸಬೇಕು! ಅವಳಿಗೆ ಮಾತ್ರ ಹೇಳಬೇಡ!”

ಇಡೀ ಆಸ್ಪತ್ರೆಗೆ ಕೇಳಿಸಿತು. ಗಂಡ ಮಾತ್ರ, “ಏನಂದ್ರಿ ಸ್ವಾಮಿ?” ಎಂದ.

ಅವಳು ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು. “ನಮ್ಮನೆಯವ್ರಿಗೆ ಕೇಳಿಸ್ನಿಲ್ಲ ಬುಡಿ, ನಾನೇ ಏಳ್ತೀನಿ. ಕುಯ್ಸುದ್ರೆ ಉಳ್ಕೋತೀನಾ ಸ್ವಾಮಿ?”

ಡಾಕ್ಟರು ಅವಳತ್ತ ನೋಡಲಿಲ್ಲ. ಗಂಡನ ಕಿವಿಗೇ ಬಾಗಿ, “ಬೇಗ ಹೋದರೆ ಉಳಿಯಬಹುದು!” ಎಂದು ಕೂಗಿದರು.

ಅವಳು ಗಂಡನ ಎದುರು ನಿಂತು, ತನ್ನ ಎದೆ ಮುಟ್ಟಿಕೊಂಡು, ಮೈಸೂರಿನ ದಾರಿಯತ್ತ ಕೈ ತೋರಿಸಿದಳು. ಆತ ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ಮತ್ತೆ ಏನೂ ಕೇಳದೆ ಅವಳ ಕೈ ಹಿಡಿದು ಬಸ್ಸು ನಿಲ್ಲುವ ಕಡೆಗೆ ನಡೆದ.

ಅವರು ಮರೆಯಾದ ಮೇಲೆ ಡಾಕ್ಟರು ಸಮಾಧಾನದಿಂದ ನನಗೆ ಹೇಳಿದರು: “ನೋಡಿದಿರಾ ಸಿಸ್ಟರ್? ಕೊನೆಗೂ ಆಕೆಗೆ ನಾನು ಹೇಳಲಿಲ್ಲ.”