ಸುಣ್ಣ ಹಚ್ಚಿದ ಹುಣಸೆ ಬೀಜಗಳು

ಕಳೆದ ವಾರ ನಮ್ಮ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿಸಿದೆ. ಕೆಲಸ ಮುಗಿಸಿ ಗೌಂಡಿ ಒಂದು ಬಕೆಟ್ ನೀರು ಸುರಿದ. ಬಿಸಿಲಿಗೆ ಕಾದ ಕಲ್ಲಿನಿಂದ ಎದ್ದ ಆ ವಾಸನೆಗೆ ಕೈಯಲ್ಲಿದ್ದ ಚಹಾ ಕುಡಿಯುವುದನ್ನೇ ಮರೆತೆ. ಕಾಕಾ ನೆನಪಾದರು...

ಅವರು ಸಂಬಂಧಿಕರಲ್ಲ, ಶಹಾಬಾದಿನಲ್ಲಿ ನಮ್ಮ ಪಕ್ಕದ ಮನೆಯವರು, ಫ್ಯಾಕ್ಟರಿಯಲ್ಲಿ ಫಿಟರ್. ಅದು ತೊಂಬತ್ತರ ದಶಕದ ಕೊನೆ. ನಾನು ಆಗ ಡಿಪ್ಲೊಮಾ ಮುಗಿಸಿ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಿದ್ದೆ. ಫ್ಯಾಕ್ಟರಿಗೆ ಹೊಸ ಮಷಿನ್ ಬರುತ್ತವೆ, ಕಂಪ್ಯೂಟರ್ ಗೊತ್ತಿದ್ದವರನ್ನಷ್ಟೇ ಇಟ್ಟುಕೊಳ್ಳುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಕೆಲಸ ಹೋದರೆ ಗತಿಯೇನು ಎಂದು ಹೆದರಿ ಕಾಕಾ ನಮ್ಮ ಸೆಂಟರಿಗೆ ಬಂದು ಕುಳಿತರು. ನಟ್ಟು ಬೋಲ್ಟು ಬಿಗಿದು ದಪ್ಪಗಾದ ಬೆರಳು. ಒಂದು ಅಕ್ಷರ ಒತ್ತಿದರೆ ಎರಡು ಮೂಡುತ್ತಿದ್ದವು.

ಅವರ ಬೇಸರ ಕಳೆಯಲೆಂದು ಒಂದು ದಿನ ಕಂಪ್ಯೂಟರಿನಲ್ಲೇ ಒಂದು ಆಟ ಹಾಕಿಕೊಟ್ಟೆ. ಊರು ಕಟ್ಟುವುದು, ಸೈನ್ಯ ಬೆಳೆಸುವುದು, ಒಂದು ಯುಗದಿಂದ ಇನ್ನೊಂದಕ್ಕೆ ಏರುವುದು. ಬಟನ್ ಒತ್ತಿದೊಡನೆ ಕಹಳೆ ಊದಿತು, ಗುಡಿಸಲುಗಳೆಲ್ಲ ಕಣ್ಣೆದುರೇ ಕಲ್ಲಿನ ಮನೆಗಳಾದವು. ನಾನು ಚಪ್ಪಾಳೆ ತಟ್ಟಿದೆ. ಕಾಕಾ ನಗಲಿಲ್ಲ.

“ಗುಡಸಲಾ ಕಟ್ಟಾವ್ರು ಎಲ್ಲಿ ಹೋದ್ರವ್ವಾ?”

ಅಯ್ಯೋ, ಇದು ಆಟ ಕಾಕಾ ಎಂದೆ. ಅವರು ಬಿಡಬೇಕಲ್ಲ! ನಾನೂ ಅಂಥದೊಂದು ಆಟ ಮಾಡುವ ಹುಚ್ಚಿಗೆ ಬಿದ್ದಿದ್ದೆ, ಅವರೇ ಸಲಹೆಗಾರರಾದರು. ಸಂಜೆ ಅವರು ನೀರು ಹೊಡೆದ ಅಂಗಳದ ಶಹಾಬಾದ್ ಕಲ್ಲುಹಾಸೇ ನಮ್ಮ ನಕ್ಷೆ. ಒಂದು ಕಲ್ಲು ಹಳೆಯ ಯುಗ, ಪಕ್ಕದ್ದು ಹೊಸದು. ಹುಣಸೆ ಬೀಜಗಳು ಕೆಲಸಗಾರರು. ಸುಣ್ಣ ಹಚ್ಚಿದವು ವಯಸ್ಸಾದವರು, ಕಲಿಯಲು ಹೆಚ್ಚು ಸಮಯ ಬೇಕಾದವರು. ಯುಗ ಬದಲಾಗುವ ಮುನ್ನ ಎಲ್ಲರಿಗೂ ಕಲಿಯಲು ಸಮಯ ಕೊಡಬೇಕೆಂಬುದು ಕಾಕಾನ ಹಟ. ಕಲಿತ ಬೀಜ ಮುಂದಿನ ಕಲ್ಲಿಗೆ ಹೋಗುತ್ತಿತ್ತು. ಸುಣ್ಣದವು ಮಾತ್ರ ಪ್ರತಿಸಲ ಹಿಂದೆಯೇ ಉಳಿಯುತ್ತಿದ್ದವು.

“ಇನ್ನಾ ಜರಾ ಟೈಮ್ ಕೊಡವ್ವಾ. ಕಲೀಲಿಕತ್ತಾರ, ಪಾಪ.”

ಕೊಟ್ಟೆ. ಅವರಿಗಾಗಿ ಕಾಯುತ್ತ ಕುಳಿತರೆ, ಯಾರಿಗೂ ಕಾಯದೆ ಹೊಸ ಯುಗಕ್ಕೆ ಏರಿದ ಎದುರಾಳಿ ರಾಜ್ಯ ಬಂದು ಊರನ್ನೇ ಸುಡುತ್ತಿತ್ತು. ಸಮಯ ಕಡಿಮೆ ಮಾಡಿದರೆ ಸುಣ್ಣದ ಬೀಜಗಳು ಇದ್ದಲ್ಲೇ. ಎಷ್ಟು ತಿದ್ದಿದರೂ ಆಟ ಕೂಡಿಬರಲಿಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು, ಕಾಕಾನ ಮೇಲಲ್ಲ...

ಹೊಸ ಮಷಿನ್ ಬರಲೇ ಇಲ್ಲ. ಒಂದು ಬೆಳಿಗ್ಗೆ ಡ್ಯೂಟಿಗೆ ಹೋದ ಕಾಕಾ ಊಟದ ಡಬ್ಬಿ ಬಿಚ್ಚದೆ ಹಾಗೇ ವಾಪಸು ಬಂದರು. ಗೇಟಿಗೆ ಬೀಗ. ಕಲಿತವರಿಗೂ ಅದೇ ಬೀಗ, ಕಲಿಯದವರಿಗೂ ಅದೇ. ಆವತ್ತೂ ಸಂಜೆ ಅವರು ಅಂಗಳಕ್ಕೆ ನೀರು ಹೊಡೆದು ಬೀಜ ಹರಡಿದರು. ಸುಣ್ಣದವನ್ನಷ್ಟೇ ಆಯ್ದು ಅಂಗೈಯಲ್ಲಿ ಹಿಡಿದರು.

“ಇವರಿಗಿ ಎಲ್ಲಿ ಇಡಬೇಕಂತಿ?”

ನಾನು ಉಳಿದ ಬೀಜಗಳನ್ನು ಬಳಿದು ಒಟ್ಟುಮಾಡಿದೆ.

ಫ್ಯಾಕ್ಟರಿಯ ಕ್ವಾರ್ಟರ್ಸ್ ಖಾಲಿ ಮಾಡಿ ಅವರು ಹತ್ತಿರದ ವಾಡಿ ಊರಿಗೆ ಹೋದರು, ಯಾವುದೋ ಗೋದಾಮಿನ ಕಾವಲಿಗೆ. ಕೆಲವು ವರ್ಷಗಳ ಮೇಲೆ, ತೀರಿಕೊಂಡರು ಎಂದು ಯಾರೋ ಬಸ್ಸಿನಲ್ಲಿ ಹೇಳಿದರು. ಆ ಆಟವನ್ನು ನಾನು ಮುಗಿಸಲೇ ಇಲ್ಲ. ಕಾಕಾ ಇಲ್ಲ ಎಂಬ ಸಂಕಟ ಈಗಲೂ ಹಾಗೇ ಇದೆ.

ಗೌಂಡಿ ಮಿಕ್ಕಿದ್ದ ಒಂದು ಕಲ್ಲನ್ನು ಎತ್ತಿಕೊಂಡು ಬಂದ. “ಇದೊಂದು ಉಳದದ್ರಿ ಅಕ್ಕೋರೇ, ಎಲ್ಲಿ ಇಡ್ಲಿ?”

ಅಂಗಳದ ನೀರು ಆರುತ್ತ ಬಂದಿತ್ತು. ಅವನು ಕಲ್ಲು ಹೊತ್ತು ನಿಂತೇ ಇದ್ದ.