ಸೌಂಡ್ ಅಣ್ಣ ಮತ್ತು ನನ್ನ ಕಿಕ್ ಡ್ರಮ್

ಸೌಂಡ್ ಅಣ್ಣನ ಪಾದಗಳು ಅಗಲವಾಗಿದ್ದವು. ಹಿಮ್ಮಡಿ ಒಡೆದು ಗೆರೆ ಗೆರೆಯಾಗಿತ್ತು. ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ; ಯಾವಾಗಲೋ ಆಂಪ್ಲಿಫೈಯರ್ ಜಾರಿ ಬಿದ್ದಾಗ ಕಿತ್ತುಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಕಾರ್ಯಕ್ರಮಕ್ಕೆ ಮುಂಚೆ ಸೌಂಡ್ ಚೆಕ್ ಶುರುವಾಯಿತೆಂದರೆ ಅವರು ಮೊದಲು ಚಪ್ಪಲಿ ಬಿಡುತ್ತಿದ್ದರು. ನನ್ನನ್ನು ಡ್ರಮ್ಸ್ ಮುಂದೆ ಕೂರಿಸಿ, "ಕಿಕ್ ಒಂದೇ ಬಾರಿಸ್ತಾ ಇರು ತಂಬಿ" ಎಂದು ಹೇಳಿ, ಸದ್ದಿನ ಹದ ಮಾಡುವ ಮಿಕ್ಸರ್ ಬಿಟ್ಟು ಬರಿಗಾಲಲ್ಲಿ ಮೈದಾನಕ್ಕೆ ಇಳಿಯುತ್ತಿದ್ದರು. ಖಾಲಿ ಕುರ್ಚಿಗಳ ನಡುವೆ ನಿಧಾನವಾಗಿ ನಡೆದು, ಅಲ್ಲಲ್ಲಿ ನಿಂತು ಕಣ್ಣು ಮುಚ್ಚುತ್ತಿದ್ದರು. ಗೊತ್ತಿಲ್ಲದವರು ಇವರಿಗೇನೋ ಹರಕೆಯಿದೆ ಅಂದುಕೊಳ್ಳಬೇಕು, ಹಾಗೆ.

ಕಿಕ್ ಎಂದರೆ ಡ್ರಮ್ ಸೆಟ್ಟಿನಲ್ಲಿ ನೆಲದ ಮೇಲೆ ಅಡ್ಡ ಮಲಗಿರುವ ದೊಡ್ಡ ಡ್ರಮ್. ಬಲಗಾಲಿನಿಂದ ಪೆಡಲ್ ತುಳಿದು ಅದನ್ನು ಬಾರಿಸಬೇಕು. ಅದರ ದಪ್ಪ ಸದ್ದನ್ನು ಜನರಿಗೆ ಮುಟ್ಟಿಸುವುದು ಸಬ್ ಎಂದು ನಾವು ಕರೆಯುವ ದೊಡ್ಡ ಬೇಸ್ ಡಬ್ಬಗಳು. "ಕಿಕ್ಕು ಬರೀ ಕಿವಿಗೆ ಬಂದ್ರೆ ಸಾಲ್ದು. ಮೊದ್ಲು ಅಂಗಾಲಿಗೆ ಬರ್ಬೇಕು, ಆಮೇಲೆ ಹೊಟ್ಟೆಗೆ" ಎನ್ನುತ್ತಿದ್ದರು. ಅದಕ್ಕೇ ಬರಿಗಾಲು.

ಅವರ ಮನೆ ಭದ್ರಾವತಿಯಲ್ಲಿ, ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ಹಿಂದಿನ ಬೀದಿಯಲ್ಲಿ. ತಾಯಿ ತಮಿಳಿನವರು. ಹಾಗಾಗಿ ತನಗಿಂತ ಚಿಕ್ಕವರೆಲ್ಲ ಅವರಿಗೆ ತಂಬಿ. ಸಿಟ್ಟು ಬಂದಾಗ, ಇಲ್ಲವೇ ತುಂಬಾ ಪ್ರೀತಿ ಬಂದಾಗ ಮಾತ್ರ ಮಾರಾಯ.

ಸಬ್‌ಗಳನ್ನು ವೇದಿಕೆಯ ಎರಡು ತುದಿಗೆ ಇಟ್ಟರೆ ಮೈದಾನದಲ್ಲಿ ಒಂದು ಕಡೆ ಕಿಕ್ ಎದೆಗೆ ಗುದ್ದುತ್ತದೆ, ನಾಲ್ಕು ಹೆಜ್ಜೆ ಸರಿದರೆ ಮಾಯವಾಗುತ್ತದೆ. ಒಟ್ಟಿಗೆ ಮಧ್ಯದಲ್ಲಿ ಇಟ್ಟರೆ ಹೆಚ್ಚು ಕಡಿಮೆ ಎಲ್ಲರಿಗೂ ಸಮ. ಆದರೆ ಗಣಪತಿ ಸಮಿತಿಯವರಿಗೆ ಎರಡೂ ಕಡೆ ಡಬ್ಬಗಳ ಗೋಡೆ ಎದ್ದು ನಿಲ್ಲಬೇಕು. ಇಲ್ಲದಿದ್ದರೆ ಪಕ್ಕದ ಬೀದಿಯವರ ಮುಂದೆ ಮರ್ಯಾದೆ ಹೋಗುತ್ತದೆ. ಸೌಂಡ್ ಅಣ್ಣ ವಾದಕ್ಕೆ ನಿಲ್ಲುತ್ತಿರಲಿಲ್ಲ. ಸ್ಪೀಕರ್ ಬಿಚ್ಚಿದ ಹಳೆಯ ಖಾಲಿ ಡಬ್ಬಗಳನ್ನು ತಂದು ಎರಡೂ ಕಡೆ ಪೇರಿಸಿ, ನಿಜವಾದ ಸಬ್‌ಗಳನ್ನು ವೇದಿಕೆಯ ಮುಂದೆ ನಡುವೆ ಸಾಲಾಗಿ ಕೂರಿಸಿ, ತೆಳು ಬಟ್ಟೆ ಮುಚ್ಚಿಬಿಡುತ್ತಿದ್ದರು.

ಒಮ್ಮೆ ರವೀಂದ್ರನಗರದಲ್ಲಿ ಸಮಿತಿಯ ಅಧ್ಯಕ್ಷರೊಬ್ಬರು ಖಾಲಿ ಡಬ್ಬದ ಮೇಲೆ ಕೈಯಿಟ್ಟು, "ನೋಡ್ರೀ, ಹೆಂಗ್ ನಡುಗ್ತಿದೆ! ಎರಡೂ ಕಡೆ ಇಡಿ ಅಂತ ನಾನು ಹೇಳ್ಲಿಲ್ವಾ?" ಎಂದರು.

"ನೀವು ಕೈ ಇಟ್ಮೇಲೆ ಇನ್ನೂ ಚೆನ್ನಾಗಾಯ್ತು ಸಾರ್" ಎಂದರು ಅಣ್ಣ, ಮುಖದಲ್ಲಿ ನಗುವಿನ ಸುಳಿವಿಲ್ಲದೆ. ನಾನು ಬೀಳದಿದ್ದ ಸ್ಟಿಕ್ಕನ್ನು ಹುಡುಕುವವನ ಹಾಗೆ ಡ್ರಮ್ಸ್ ಹಿಂದೆ ಬಗ್ಗಿದೆ.

ನಾನು ಶಿವಮೊಗ್ಗದ ಒಂದು ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತೇನೆ. ಹಗಲು ಔಷಧಿ ಅಂಗಡಿಯಲ್ಲಿ ಕೆಲಸ. ಆದರೂ ಏನು ಮಾಡ್ತೀಯಪ್ಪ ಎಂದು ಯಾರಾದರೂ ಕೇಳಿದರೆ ಬಾಯಿಗೆ ಮೊದಲು ಬರುವುದು ಡ್ರಮ್ಸ್. ಬೈಕಿನಿಂದ ಬಿದ್ದು ಬಲಗಾಲು ಮುರಿದುಕೊಂಡ ವರ್ಷ ಆ ಉತ್ತರವೂ ಹೋಯಿತು ಅನಿಸಿತು. ಮೂಳೆಗೆ ರಾಡ್ ಹಾಕಿದ್ದರು. ಊರುಗೋಲು ಬಿಟ್ಟ ಮೇಲೂ ಪಾದ ಸರಿಯಾಗಿ ಮಡಚುತ್ತಿರಲಿಲ್ಲ. ಪೆಡಲ್ ತುಳಿದರೆ ಒಂದು ಏಟು ಬೀಳುತ್ತಿತ್ತು, ಮುಂದಿನದು ಸುಮ್ಮನೆ ತಾಗಿ ಬರುತ್ತಿತ್ತು.

ವಾಪಸು ಬಂದ ಮೊದಲ ಕಾರ್ಯಕ್ರಮ ಮುಗಿದ ಮೇಲೆ ಆರ್ಕೆಸ್ಟ್ರಾದ ಮಾಲೀಕರು ನನ್ನನ್ನು ಗೋಪಾಳದ ತಮ್ಮ ಮನೆಗೆ ಕರೆಸಿದರು. ಅವರೇ ನಮ್ಮ ಮುಖ್ಯ ಗಾಯಕರು. ಕೆಟ್ಟವರಲ್ಲ.

"ಬೇಜಾರ್ ಮಾಡ್ಕೋಬೇಡಪ್ಪ. ಕಿಕ್ಕೇ ಕೇಳ್ತಿಲ್ಲ. ನಾನು ಏನ್ ಹಿಡ್ಕೊಂಡು ಹಾಡ್ಲಿ? ಈ ಸೀಸನ್‌ಗೆ ಡ್ರಮ್ಸ್ ಬದಲು ಎಲೆಕ್ಟ್ರಾನಿಕ್ ಪ್ಯಾಡ್ ನುಡಿಸೋರನ್ನ ಯಾರನ್ನಾದ್ರೂ ಕರ್ಕೊಳ್ಳಣ ಅಂತಿದೀನಿ."

ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಸೌಂಡ್ ಅಣ್ಣ ಲೋಟ ಕೆಳಗಿಟ್ಟರು. "ಕಿಕ್ ಕೇಳ್ಲಿಲ್ಲ ಅಂದ್ರೆ ಅದು ಬಾರಿಸೋನ ತಪ್ಪಲ್ಲ ಸ್ವಾಮಿ. ಸೌಂಡಿನವನ ತಪ್ಪು. ಹೊಳಲೂರಿನ ಪ್ರೋಗ್ರಾಂ ಇದ್ಯಲ್ಲ, ಅದೊಂದು ನೋಡಿ. ಆಮೇಲೆ ನೀವುಂಟು, ನಿಮ್ಮ ಪ್ಯಾಡ್ ಉಂಟು."

ಹೊಳಲೂರಿನ ಶಾಲಾ ಮೈದಾನಕ್ಕೆ ನಾವು ಮಧ್ಯಾಹ್ನವೇ ಹೋದೆವು. ಅಣ್ಣ ತಮ್ಮ ತಾಯಿ ಹೊಲಿದ ಹಳೇ ಕೌದಿಯೊಂದನ್ನು ತಂದಿದ್ದರು. ಅದನ್ನು ಮಡಚಿ ಕಿಕ್ ಡ್ರಮ್ಮಿನ ಹೊಟ್ಟೆಯೊಳಗೆ, ಚರ್ಮಕ್ಕೆ ಒಂಚೂರು ತಾಗುವ ಹಾಗೆ ಇಟ್ಟರು. ಚರ್ಮ ಸಡಿಲ ಮಾಡಿದರು. ಮೈಕನ್ನು ತೂತಿನಿಂದ ಒಳಗೆ ತೂರಿಸಿ ಏಟು ಬೀಳುವ ಜಾಗದ ಹತ್ತಿರಕ್ಕೆ ತಂದರು. "ಒದೀಬೇಡ. ಮುಟ್ಟು ಸಾಕು. ಒದಿಯೋ ಕೆಲ್ಸ ಈ ಡಬ್ಬಗಳದ್ದು" ಎಂದರು. ಹಾಡು, ಕೀಬೋರ್ಡು ಯಾವುದೂ ಸಬ್‌ಗೆ ಹೋಗದ ಹಾಗೆ ತಡೆದು, ಕಿಕ್ ಮತ್ತು ಬೇಸ್ ಗಿಟಾರ್ ಎರಡನ್ನೇ ಕಳಿಸಿದರು. ಕೀಬೋರ್ಡಿನವನಿಗೆ, "ಏ, ನಿನ್ನ ಎಡಗೈ ಇವತ್ತು ಜೇಬಲ್ಲಿಟ್ಕೋ. ಅದರ ದಪ್ಪ ಸ್ವರ ಹೋಗಿ ಹೋಗಿ ಕಿಕ್ಕಿನ ಜಾಗದಲ್ಲೇ ಕೂರುತ್ತೆ" ಎಂದು ಗದರಿದರು.

ಮಾಲೀಕರು ಮೊದಲ ಸಾಲಿನಲ್ಲಿ ಕೂತರು. ನಾನು ಬಾರಿಸಿದೆ. ರಟ್ಟಿನ ಪೆಟ್ಟಿಗೆಗೆ ಬಡಿದ ಹಾಗೆ ಕೇಳಿತು. ಮಾಲೀಕರು ತಲೆ ಅಲ್ಲಾಡಿಸಿದರು.

ಅಣ್ಣ ಸಬ್‌ಗಳ ಹಿಂದೆ ಹೋಗಿ ಬಗ್ಗಿ ನೋಡಿ, "ಅಯ್ಯಯ್ಯೋ!" ಎಂದು ಕೂಗಿದರು. ಎದ್ದು ಬಂದು ಮೈಕಿನಲ್ಲೇ ಹೇಳಿದರು: "ತಪ್ಪು ನಂದೇ ಸ್ವಾಮಿ. ಒಂದು ಡಬ್ಬಕ್ಕೆ ವೈರು ತಿರುಗಾ ಮುರುಗಾ ಹಾಕಿದೀನಿ. ಒಂದು ಮುಂದಕ್ಕೆ ತಳ್ಳುತ್ತೆ, ಇನ್ನೊಂದು ಹಿಂದಕ್ಕೆ ಎಳೆಯುತ್ತೆ. ಗಂಡ ಹೆಂಡ್ತಿ ಜಗಳ!" ವೈರು ಬದಲಿಸಿ ಕೈ ಎತ್ತಿದರು. ನಾನು ಮತ್ತೆ ಪೆಡಲ್ ಮುಟ್ಟಿದೆ. ಕೂತಿದ್ದ ಸ್ಟೂಲು ನಡುಗಿತು. ಮಾಲೀಕರು ಎದೆಯ ಮೇಲೆ ಕೈಯಿಟ್ಟುಕೊಂಡು ನಗತೊಡಗಿದರು. "ಎಂಥಾ ಮಾರಾಯ್ರೆ ನೀವು! ಸುಮ್ನೆ ಇವನ ಕಾಲನ್ನ ಬೈದ್ನಲ್ಲ!"

ಹಿಂತಿರುಗುವಾಗ ಲಗೇಜ್ ಗಾಡಿಯಲ್ಲಿ ಅವರ ಪಕ್ಕ ಕೂತಿದ್ದೆ. ಇಷ್ಟು ವರ್ಷದಲ್ಲಿ ಅವರು ಒಂದು ವೈರು ತಪ್ಪಿದ್ದನ್ನು ನಾನು ನೋಡಿರಲಿಲ್ಲ. "ಅಣ್ಣ, ನಿಜವಾಗ್ಲೂ ತಪ್ಪಾಗಿತ್ತಾ?" ಎಂದೆ.

"ಡಬ್ಬ ಇಳಿಸಿದಾಗ್ಲೇ ನಾನೇ ತಿರುಗಿಸಿಟ್ಟಿದ್ದೆ" ಎಂದರು, ರಸ್ತೆಯನ್ನೇ ನೋಡುತ್ತಾ. "ಅವ್ರಿಗೆ ಕಣ್ಣಿಗೆ ಕಾಣೋ ಅಂಥ ಒಂದು ತಪ್ಪು ಬೇಕಿತ್ತು ತಂಬಿ. ನಿನ್ನ ಕಾಲು ಸರಿಹೋಗೋಕೆ ತಿಂಗಳುಗಟ್ಲೆ ಬೇಕು. ವೈರು ಎರಡು ನಿಮಿಷ."

"ಹೋದ ಸಲದ್ದು?"

"ಹೋದ ಸಲದ್ದು ನಿನ್ನ ಕಾಲೇ. ಸುಳ್ಳ್ಯಾಕೆ ಹೇಳ್ಲಿ? ಕಾಲು ನೆಟ್ಟಗಾಗೋ ತನಕ ತಪ್ಪು ನಂದೇ ಇರ್ಲಿ ಬಿಡು. ಯಾರ ಹತ್ರಾನೂ ಬಾಯಿ ಬಿಡ್ಬೇಡ ಮಾರಾಯ."

ಆ ಸೀಸನ್ನೆಲ್ಲ ಮುಟ್ಟಿ ಮುಟ್ಟಿಯೇ ಬಾರಿಸಿದೆ. ಕಾಲಿಗೆ ಮೆಲ್ಲಗೆ ಬಲ ಬಂತು. ಆದರೆ ವೈರು ತಪ್ಪು ಹಾಕಿದವರು ಎಂಬ ಮಾತು ಅಣ್ಣನಿಗೆ ಅಂಟಿಕೊಂಡಿತು. ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಮಾಲೀಕರು ಎಲ್ಲರೆದುರು, "ಏನಣ್ಣಾ, ವೈರು ಸರಿ ಇದ್ಯಾ?" ಎನ್ನುವರು. ಬೇರೆ ಸೌಂಡಿನವರೂ ಆಡಿಕೊಂಡರು. ಕಾಲೇಜೊಂದರವರು ಇದನ್ನು ಕೇಳಿಯೇ ಬೇರೆಯವರನ್ನು ಕರೆದರಂತೆ. ನಾನು ಹೇಳಿಬಿಡ್ತೀನಿ ಅಂದಾಗಲೆಲ್ಲ, "ಈಗ ಹೇಳಿದ್ರೆ ಅವ್ರಿಗೆ ನಾಚಿಕೆ ಆಗುತ್ತೆ. ಆಡ್ಕೊಂಡು ನಗ್ಲಿ ಬಿಡು" ಎಂದು ತಡೆಯುತ್ತಿದ್ದರು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಎದೆನೋವು ಬಂತು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಕರೆತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಫೋನ್ ಬಂದಾಗ ನಾನು ಯಾರಿಗೋ ಮಾತ್ರೆ ಕತ್ತರಿಸಿ ಕೊಡುತ್ತಿದ್ದೆ. ಕತ್ತರಿ ಹಿಡಿದುಕೊಂಡೇ ಬೀದಿಗೆ ಬಂದು ನಿಂತಿದ್ದೆನಂತೆ.

ತಿಥಿಯ ದಿನ ಅವರ ಮನೆಯಲ್ಲಿ ಊಟ ಮುಗಿಸಿ ಕೂತಿದ್ದೆವು. ಮಾಲೀಕರು ಕಣ್ಣೊರೆಸಿಕೊಂಡು, "ಅಂಥ ಕೆಲಸಗಾರ ಇನ್ನು ಸಿಗಲ್ಲ. ಒಂದೇ ಒಂದ್ಸಲ ಎಡವಿದ್ದು ಅವ್ರು, ಆ ಹೊಳಲೂರಲ್ಲಿ" ಎಂದರು.

ಗೋಡೆಗೆ ಒರಗಿ ಕೂತಿದ್ದ ಅಣ್ಣನ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ತಲೆ ಎತ್ತಿದರು. "ನಂಗೂ ಅದೇ ಕೊರಗು ನೋಡಿ. ವೈರು ತಪ್ಪೋ ಅಂಥೋರಲ್ಲ ಅವ್ರು. ಕೇಳಿದ್ರೆ ನಗೋರು. ಕಣ್ಣು ಮಂಜಾಯ್ತೇನೋ, ನಾನು ಗಮನಿಸ್ಲಿಲ್ವೇನೋ ಅಂತ ಎಷ್ಟು ದಿನ ಯೋಚ್ನೆ ಮಾಡಿದೀನಿ."

ಹೆಂಡತಿಗೂ ಹೇಳಿರಲಿಲ್ಲ ಎಂದು ನನಗೆ ಆಗಲೇ ತಿಳಿದದ್ದು. ನಾನು ಹೇಳಿದೆ. ಗಾಡಿಯಲ್ಲಿ ಅವರು ಆಡಿದ ಮಾತನ್ನು ಹಾಗೆ ಹಾಗೇ ಹೇಳಿದೆ.

ಮಾಲೀಕರು ನನ್ನ ಕಾಲನ್ನೇ ನೋಡಿದರು. "ಅಷ್ಟೊಂದು ಆಡ್ಕೊಂಡ್ನಲ್ಲಯ್ಯಾ. ಒಂದ್ಸಲಾನೂ ತಿರುಗಿ ಮಾತಾಡ್ಲಿಲ್ವಲ್ಲ" ಎಂದರು. ಅತ್ತಿಗೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಅಳುತ್ತಾರೆ ಅಂದುಕೊಂಡೆ; ನಗುತ್ತಿದ್ದರು. "ಕಳ್ಳ" ಎಂದರು, "ನನ್ ಹತ್ರಾನೂ ಮುಚ್ಚಿಟ್ರು ನೋಡು." ಆಮೇಲೆ ಅತ್ತರು.

ನಾನು ಈಗಲೂ ಅದೇ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತೇನೆ. ಆ ದಿನ ಆ ಮನೆಯಲ್ಲಿದ್ದವರಿಗೆ ಮಾತ್ರ ವಿಷಯ ಗೊತ್ತು. ಹೊರಗೆ, ಶಿವಮೊಗ್ಗ ಭದ್ರಾವತಿಯ ಸೌಂಡಿನವರ ಬಾಯಲ್ಲಿ, ಆ ಹಳೇ ಕತೆ ಇನ್ನೂ ಓಡಾಡುತ್ತಿದೆ. ಕೇಳಿದವರಿಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಅವರ ಕೈಯಲ್ಲಿ ವೈರು ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಕಾಲು.